ಕಂಪ್ಯೂಟರ್ ಜೊತೆ ಯಕ್ಷಗಾನವೂ ನಿಲ್ಲುತ್ತಿತ್ತು

ಫೆಬ್ರವರಿ ಕೊನೆಯಲ್ಲಿ ಶುರುವಾಗಿದ್ದು. ಕಾರ್ ರೇಸಿನ ಆಟ, ಕೊನೇ ಸುತ್ತು, ಪರದೆ ಕಪ್ಪು. ವಿಂಡೋಸ್ ಕೆಟ್ಟಾಗ ಬರುವ ನೀಲಿ ಪರದೆ ಬರಲಿಲ್ಲ, ಆಟ ತಡವರಿಸಲೂ ಇಲ್ಲ. ಫ್ಯಾನುಗಳೂ ಒಟ್ಟಿಗೇ ನಿಂತವು. ತಲೆ ಮೇಲಿನ ಬಲ್ಬು ಮಾತ್ರ ಆರಾಮಾಗಿ ಉರಿಯುತ್ತಿತ್ತು. ಅಂದರೆ ಕರೆಂಟ್ ಹೋಗಿಲ್ಲ, ತಪ್ಪು ಕಂಪ್ಯೂಟರ್ ಡಬ್ಬಿಯದ್ದೇ ಅಂದುಕೊಂಡೆ. ಮುಂದಿನ ಐದು ವಾರ ನನ್ನನ್ನು ದಾರಿ ತಪ್ಪಿಸಿದ್ದು ಆ ಬಲ್ಬು.

ಡಬ್ಬಿ ನಾನೇ ಜೋಡಿಸಿದ್ದು. ಅಡಿಕೆ ಮಾರಿದ ದುಡ್ಡಲ್ಲಿ ನನ್ನ ಪಾಲಿಗೆ ಬಂದಿದ್ದೆಲ್ಲ ಅದರೊಳಗಿದೆ. ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಟಿಐ ಗ್ರಾಫಿಕ್ಸ್ ಕಾರ್ಡ್, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚುವ 650 ವಾಟಿನ ಎಸ್‌ಎಂಪಿಎಸ್. ಒಂದೊಂದೇ ಪೆಟ್ಟಿಗೆಯನ್ನು ತೀರ್ಥಹಳ್ಳಿ ಪೇಟೆಯಿಂದ ಬೈಕಿನಲ್ಲಿ ತಂದಿದ್ದೆ. ಹಾಗಾಗಿ ಅದು ಕೈಕೊಟ್ಟರೆ ಬೈಯಲು ಬೇರೆ ಯಾರೂ ಇಲ್ಲ.

ಮೊದಲು ವಿಂಡೋಸಿನ ದಿನಚರಿ ತೋರಿಸುವ ಈವೆಂಟ್ ವ್ಯೂವರ್ ತೆಗೆದೆ. ಕರ್ನಲ್-ಪವರ್ 41 ಅಂತ ಕೆಂಪು ಸಾಲು. ಇದನ್ನು ನೋಡಿ ಹೆದರುವವರು ಜಾಸ್ತಿ. ಆದರೆ ಅದು ಹೇಳುವುದು ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ. ಸತ್ತ ಮೇಲೆ ಬಂದು, ಹೌದು ಸತ್ತಿದ್ದಾನೆ ಅಂದ ಹಾಗೆ. ಒಳಗಿನ ವಿವರದಲ್ಲಿ ಬಗ್‌ಚೆಕ್ ಕೋಡ್, ಅಂದರೆ ಕೆಟ್ಟದ್ದೇನು ಅಂತ ಹೇಳುವ ಸಂಖ್ಯೆ, ಸೊನ್ನೆ ಇತ್ತು. ವಿಂಡೋಸಿಗೆ ಒಂದು ಮಾತು ಬರೆದಿಡುವಷ್ಟೂ ಪುರುಸೊತ್ತು ಸಿಕ್ಕಿಲ್ಲ ಅಂತಾಯಿತು.

ಆಮೇಲೆ ಬಿಸಿಯ ಮೇಲೆ ಅನುಮಾನ. ಪಕ್ಕದ ಮುಚ್ಚಳ ತೆಗೆದರೆ, ಹಿಂದಿನ ಜಾಲರಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ! ಎಷ್ಟು ಅಚ್ಚುಕಟ್ಟು ಅಂದರೆ ಕೀಳಲು ಮನಸ್ಸು ಬರಲಿಲ್ಲ. ಕಿತ್ತೆ. ಧೂಳು ಹೊಡೆದೆ, ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆ, ಗೆದ್ದೆ ಅಂದುಕೊಂಡೆ. ಎರಡೇ ದಿನ. ಎಚ್‌ಡಬ್ಲ್ಯುಇನ್ಫೋ ಅನ್ನುವ ತಂತ್ರಾಂಶ ಹಾಕಿ ಎರಡು ಸೆಕೆಂಡಿಗೊಮ್ಮೆ ಬಿಸಿ ಬರೆದಿಡುವಂತೆ ಮಾಡಿದೆ. ಸಾಯುವ ಮುಂಚಿನ ಕೊನೇ ಸಾಲಿನಲ್ಲಿ ಪ್ರೊಸೆಸರ್ 74 ಡಿಗ್ರಿ, ಗ್ರಾಫಿಕ್ಸ್ ಕಾರ್ಡ್ 71. ಈ ಪ್ರೊಸೆಸರಿನ ಮಿತಿ 90. ಬಿಸಿ ಅಲ್ಲ.

ರ‍್ಯಾಮಿಗೆ ಮೆಮ್‌ಟೆಸ್ಟ್ ಹಾಕಿ ಮಲಗಿದೆ. ಬೆಳಿಗ್ಗೆ ಒಂದೂ ತಪ್ಪಿಲ್ಲ. ಅಂಗಡಿಯವರೊಬ್ಬರಿಗೆ ಫೋನ್ ಮಾಡಿದರೆ, ಪೂರ್ತಿ ಕೇಳುವ ಮೊದಲೇ "ಎಸ್‌ಎಂಪಿಎಸ್ ಹೋಗಿದೆ, ಬದಲಾಯಿಸಿ" ಅಂದರು. ಏಳು ಸಾವಿರದ ಮಾತು. ಒಂದು ಸಲ ನೋಡಿಯೇ ಬಿಡೋಣ ಅಂತ ಶಿವಮೊಗ್ಗದ ಗೆಳೆಯನ ಮನೆಗೆ ಹೊರಟೆ. ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಇಟ್ಟುಕೊಂಡೆ. ಹಾಗೇ ಒಯ್ದರೆ ನಮ್ಮ ರಸ್ತೆಯ ಕುಲುಕಾಟಕ್ಕೆ ಅದರ ಭಾರವೇ ಸ್ಲಾಟನ್ನು ಮುರಿಯುತ್ತದೆ. ಡಬ್ಬಿಗೆ ಕಂಬಳಿ ಸುತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಮಂಡಗದ್ದೆ, ಸಕ್ರೆಬೈಲು ದಾಟುವವರೆಗೂ ಮೂರನೇ ಗೇರ್ ಬಿಟ್ಟು ಮೇಲೆ ಹೋಗಲಿಲ್ಲ.

ಗೆಳೆಯನ ಮನೆಯಲ್ಲಿ ಗೋಡೆಯ ಪ್ಲಗ್ಗಿಗೇ ಸಿಕ್ಕಿಸಿ ಮೂರು ತಾಸು ಹಿಂಡಿದೆವು. ಮೊದಲು ಸ್ಟ್ರೆಸ್ ಟೆಸ್ಟ್, ಆಮೇಲೆ ರೇಸು. ಆಗುಂಬೆ ಘಾಟಿಯ ತಿರುವುಗಳನ್ನು ಮಳೆಗಾಲದಲ್ಲಿ ಇಳಿದವನು ನಾನು, ಅವನ ಎದುರು ಆರು ಸಲ ಸೋತೆ. ಡಬ್ಬಿ ಮಾತ್ರ ಒಂದು ಸಲವೂ ಆರಲಿಲ್ಲ.

ವಾಪಸ್ ಮನೆಗೆ ತಂದ ಮಾರನೇ ರಾತ್ರಿ, ಹತ್ತು ಗಂಟೆಗೆ, ಮತ್ತೆ ಕಪ್ಪು.

ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದೆ. ಜಗಲಿಯಿಂದ ಅಪ್ಪಯ್ಯನ ದನಿ: "ಎಂತ ಮಾರಾಯ ಇದು! ಭಾಗವತರು ಬಾಯಿ ತೆರೆದಾಗಲೇ ನಿಲ್ತದೆ. ನಿಂದು ಆರಿದ ಕೂಡ್ಲೆ ನಂದೂ ಹೋಗ್ತದೆ."

ಅಪ್ಪಯ್ಯ ರಾತ್ರಿ ಮೊಬೈಲಿನಲ್ಲಿ ಯಕ್ಷಗಾನ ನೋಡುತ್ತಾರೆ. ನಿಲ್ಲುತ್ತದೆ ಅಂತ ತಿಂಗಳಿಂದ ದೂರುತ್ತಿದ್ದರು. "ನೆಟ್‌ವರ್ಕ್ ಹಾಗೇ, ಸುಮ್ನೆ ಇರಿ" ಅಂತಿದ್ದೆ ನಾನು. ಈ ಸಲ ಎದ್ದು ಹೋಗಿ ವೈಫೈ ರೂಟರ್ ನೋಡಿದೆ. ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿವೆ. ಈಗಷ್ಟೇ ಆನ್ ಆದ ಹಾಗೆ.

ರೂಟರಿಗೂ ನನ್ನ ಎಸ್‌ಎಂಪಿಎಸ್ಸಿಗೂ ಏನು ಸಂಬಂಧ? ಎರಡೂ ಮೇಜಿನಡಿಯ ಒಂದೇ ಯುಪಿಎಸ್ಸಿಗೆ ಸಿಕ್ಕಿಸಿದ್ದು, ಅಷ್ಟೇ. ಯುಪಿಎಸ್ ಬಗ್ಗಿ ನೋಡಿದರೆ ಹಸಿರು ದೀಪ. ನಾನು ಬಗ್ಗುವಷ್ಟರಲ್ಲಿ ಅದು ತಾನೇ ಮತ್ತೆ ಶುರುವಾಗಿರುತ್ತಿತ್ತು. ಕೂಗುತ್ತಿದ್ದರೂ ಹೆಡ್‌ಫೋನಿನೊಳಗೆ ನನಗೆ ಕೇಳಬೇಕಲ್ಲ!

ಆಗ ಹೊಳೆಯಿತು: ಹತ್ತು ಗಂಟೆ. ಪಂಪು ಓಡಿಸುವ ತ್ರೀ ಫೇಸ್ ಕರೆಂಟು ನಮ್ಮಲ್ಲಿ ಪಾಳಿಯ ಮೇಲೆ ಬರುತ್ತದೆ, ಆ ವಾರ ರಾತ್ರಿ ಪಾಳಿ. ನಮ್ಮ ಮನೆಗೂ ತೋಟದ ಪಂಪುಗಳಿಗೂ ಒಂದೇ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಬೇಸಿಗೆಯಲ್ಲಿ ಅಡಿಕೆಗೆ ನೀರು ಬಿಡದ ಮನೆಯಿಲ್ಲ, ಎಲ್ಲರದ್ದೂ ಕರೆಂಟ್ ಬಂದ ಕೂಡಲೇ ಪಂಪನ್ನು ತಾನೇ ಎಬ್ಬಿಸುವ ಆಟೋ ಸ್ಟಾರ್ಟರ್. ತ್ರೀ ಫೇಸ್ ಬಂದ ತಕ್ಷಣ ಐದು ಎಚ್‌ಪಿ ಮೋಟರುಗಳೆಲ್ಲ ಒಟ್ಟಿಗೆ ಎದ್ದೇಳುತ್ತವೆ. ಏಳುವಾಗ ಮೋಟರು ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಮಧ್ಯೆ ಒಂದು ಗಳಿಗೆ ಕರೆಂಟ್ ಹೋಗಿ ಬಂದರೂ ಅದೇ ಕಥೆ. ಪಾಳಿ ವಾರ ವಾರ ಬದಲಾಗುವುದರಿಂದ ನನಗೆ ಹೊತ್ತು ಗೊತ್ತಿಲ್ಲದೆ ಆರುತ್ತಿದೆ ಅನಿಸಿತ್ತು.

ಮಾರನೇ ರಾತ್ರಿ ಮಲ್ಟಿಮೀಟರ್ ಹಿಡಿದು ಪ್ಲಗ್ಗಿನ ಎದುರು ಕೂತೆ. 178 ವೋಲ್ಟ್ ಇದ್ದದ್ದು, ತೋಟದ ಕಡೆ ಮೋಟರಿನ ಸದ್ದು ಬಂದ ಕೂಡಲೇ 131ಕ್ಕೆ ಇಳಿದು, ನಿಧಾನಕ್ಕೆ 165ಕ್ಕೆ ಹತ್ತಿತು. ನನ್ನ ಯುಪಿಎಸ್ 140ರ ಕೆಳಗೆ ಬ್ಯಾಟರಿಗೆ ಹಾರುತ್ತದೆ. 600 ವಿಎ ಅಂತ ದೊಡ್ಡದಾಗಿ ಬರೆದಿದ್ದರೂ ಅದು ಹೊರುವುದು 360 ವಾಟ್. ಆಟ ಆಡುವಾಗ ಡಬ್ಬಿ, ಮಾನಿಟರ್ ಸೇರಿ 400 ಎಳೆಯುತ್ತಿತ್ತು. ಭಾರ ತಾಳದೆ ಯುಪಿಎಸ್ ಎಲ್ಲವನ್ನೂ ಕೆಳಗೆ ಹಾಕುತ್ತಿತ್ತು. ಸುಮ್ನೆ ಮೇಲ್ ನೋಡುವಾಗ 100 ವಾಟೂ ಇಲ್ಲ, ಆಗ ಮೋಟರು ಎದ್ದರೂ ಏನೂ ಆಗುತ್ತಿರಲಿಲ್ಲ.

ಖಚಿತ ಮಾಡಿಕೊಳ್ಳಲು ಯುಪಿಎಸ್ಸಿನ ಪ್ಲಗ್ಗನ್ನೇ ಗೋಡೆಯಿಂದ ಕಿತ್ತೆ. ಆಟವಿಲ್ಲದೆ ಸುಮ್ನೆ ಡೆಸ್ಕ್‌ಟಾಪ್ ಪರದೆಯಲ್ಲಿ ಇದ್ದಾಗ ಕಿತ್ತರೆ ಕೀಂಯ್ ಕೀಂಯ್ ಅನ್ನುತ್ತಾ ನಡೆಯಿತು. ಆಟದ ಮಧ್ಯೆ ಕಿತ್ತರೆ ಕಣ್ಣು ಮಿಟುಕಿಸುವುದರೊಳಗೆ ಕಪ್ಪು. ಎರಡು ನಿಮಿಷದ ಕೆಲಸ. ಇದನ್ನು ಮೊದಲ ದಿನವೇ ಮಾಡಬಹುದಿತ್ತು.

ಹೊಟ್ಟೆ ಉರಿಸಿದ್ದು ಬೇರೆ. ಎಸ್‌ಎಂಪಿಎಸ್ಸಿನ ಚೀಟಿ ಓದಿದೆ: 100 ರಿಂದ 240 ವೋಲ್ಟ್. ಅಂದರೆ 131 ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದನ್ನು ಕಾಯಲಿ ಅಂತ ನಾನಿಟ್ಟ ಯುಪಿಎಸ್ಸೇ ಅದನ್ನು ಮಲಗಿಸುತ್ತಿತ್ತು. ಎಲ್‌ಇಡಿ ಬಲ್ಬೂ ಹಾಗೇ, ವೋಲ್ಟೇಜು ಇಳಿದರೂ ಮುಖಭಾವ ಬದಲಿಸುವುದಿಲ್ಲ. ಹಳೇ ಬುರುಡೆ ಬಲ್ಬಾಗಿದ್ದರೆ ಮೊದಲ ದಿನವೇ ಕೆಂಪಗಾಗಿ ಹೇಳಿಬಿಡುತ್ತಿತ್ತು, ಅಲ್ವಾ?

ಹೊಸ ಯುಪಿಎಸ್ ಬರುವ ತನಕ ಡಬ್ಬಿಯನ್ನು ನೇರ ಗೋಡೆಗೆ ಹಾಕಿದೆ. ರೂಟರ್ ಮಾತ್ರ ಹಳೇ ಯುಪಿಎಸ್ಸಿನಲ್ಲೇ ಉಳಿಯಿತು. ಏಪ್ರಿಲ್ ಕೊನೆಗೆ ಗುಡುಗು ಶುರುವಾದ ಮೇಲೆ ಸಂಜೆ ಎಲ್ಲ ಪ್ಲಗ್ಗೂ ಕಿತ್ತು ಕೂರಬೇಕಾಯಿತು, ಅದು ಪ್ರತಿ ವರ್ಷದ ಪಾಡು. ಈಗ 1100 ವಿಎ, 660 ವಾಟಿನದು ಬಂದಿದೆ. ಎಸ್‌ಎಂಪಿಎಸ್ ಬದಲಾಯಿಸಿದ್ದರೆ ಏಳು ಸಾವಿರವೂ ಹೋಗಿ ರೋಗವೂ ಉಳಿಯುತ್ತಿತ್ತು.

ನಿನ್ನೆ ಮುಚ್ಚಳ ತೆಗೆದು ಧೂಳು ಹೊಡೆಯುವಾಗ ಹಿಂದೆ ಕೈಯಾಡಿಸಿದೆ. ಕುಂಬಾರ ಹುಳ ಮತ್ತೆ ಬಂದಿದೆ. ಈ ಸಲ ಗ್ರಾಫಿಕ್ಸ್ ಕಾರ್ಡಿನ ಖಾಲಿ ಎಚ್‌ಡಿಎಂಐ ತೂತಿನಲ್ಲಿ.