‘ಇದಕ್ಕೆ ಔಷಧಿ ಕಂಡುಹಿಡೀತೀಯಾ?’

ಪಿಎಚ್‌ಡಿಗೆ ಸೇರಿ ಎರಡು ವರ್ಷವಾಯಿತು. ಮದುವೆ ಮನೆಯಿರಲಿ, ಬಸ್ಸಿರಲಿ, ಎಳೆ ಮಕ್ಕಳ ಮೆದುಳಿನ ಬೆಳವಣಿಗೆ, ಅದರಲ್ಲೂ ಎಳೆಯ ಮೆದುಳಿಗೆ ಪೆಟ್ಟಾಗಿ ಮೈಕೈ ಹಿಡಿತಕ್ಕೆ ಸಿಗದಂತಾಗುವ ಸೆರೆಬ್ರಲ್ ಪಾಲ್ಸಿ ನನ್ನ ವಿಷಯ ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ.

ಇಲ್ಲ. ಪೆಟ್ಟು ತಿಂದ ಮೆದುಳನ್ನು ಮೊದಲಿನಂತೆ ಮಾಡುವ ಔಷಧಿ ಇವತ್ತಿಗೂ ಇಲ್ಲ. ತೊಂದರೆ ಇದೆ ಅಂತ ಬೇಗ ಗೊತ್ತಾಗಬೇಕು, ನಾನು ದುಡಿಯುತ್ತಿರುವುದು ಅದಕ್ಕೆ.

ಮೂರು ತಿಂಗಳ ಮಗುವನ್ನು ಬರೀ ಡೈಪರ್‌ನಲ್ಲಿ ಅಂಗಾತ ಮಲಗಿಸಿ, ಮೇಲಿಂದ ಮೂರ್ನಾಲ್ಕು ನಿಮಿಷ ವಿಡಿಯೋ ಮಾಡುತ್ತೇವೆ. ಎಚ್ಚರವಿರಬೇಕು, ಅಳುತ್ತಿರಬಾರದು. ಕ್ಯಾಮೆರಾ ನೋಡಿ ನಗಲಿ ಅಂತ ಅಮ್ಮಂದಿರು ಚಿಟಿಕೆ ಹೊಡೆಯುತ್ತಾರೆ. ‘ಬೇಡಮ್ಮ, ಸುಮ್ನೆ ಬಿಡಿ’ ಅನ್ನುತ್ತೇನೆ. ಯಾಕಂದ್ರೆ ಗಮನ ಬೇರೆ ಕಡೆ ಹೋದರೆ ನಮಗೆ ಬೇಕಾದ್ದು ಕಾಣುವುದಿಲ್ಲ. ಡ್ಯೂ ಡೇಟ್‌ನಿಂದ ಲೆಕ್ಕ ಹಾಕಿದರೆ ಸುಮಾರು 9ರಿಂದ 20 ವಾರದವರೆಗೆ ಮಗುವಿನ ಕತ್ತು, ಮಣಿಕಟ್ಟು, ಪಾದ ಎಲ್ಲಾ ದಿಕ್ಕಿಗೂ ಸಣ್ಣಸಣ್ಣದಾಗಿ ತಿರುಗುತ್ತಲೇ ಇರುತ್ತವೆ. ಗೆಜ್ಜೆ ಹಾಕಿದ್ದರೆ ಕಿವಿಗೂ ಕೇಳುತ್ತದೆ. ಹೈಂಜ್ ಪ್ರೆಖ್ಟಲ್ ಎಂಬ ಆಸ್ಟ್ರಿಯಾದ ವೈದ್ಯರು ಮತ್ತು ಅವರ ಜೊತೆಗಾರರು ಮಕ್ಕಳನ್ನು ನೋಡಿ ನೋಡಿಯೇ ಇದರ ಬೆಲೆ ಕಂಡುಕೊಂಡರು. ಈ ಅಲುಗಾಟ ಇಲ್ಲದಿದ್ದರೆ ದೊಡ್ಡ ಎಚ್ಚರಿಕೆ. ಹಾಗಂತ ಒಂದೇ ವಿಡಿಯೋ ನೋಡಿ ಕಾಯಿಲೆಯ ಹೆಸರು ಹೇಳಿಬಿಡುವುದಿಲ್ಲ. ಇನ್ನೊಮ್ಮೆ ನೋಡುತ್ತೇವೆ, ನರಗಳ ಪರೀಕ್ಷೆ, ಎಂಆರ್‌ಐ ಆಗುತ್ತದೆ. ಎಲ್ಲಾ ಒಂದೇ ಕಡೆ ಬೊಟ್ಟು ಮಾಡಿದರೆ ಎಷ್ಟೋ ಮಕ್ಕಳಲ್ಲಿ 6 ತಿಂಗಳೊಳಗೇ ತಿಳಿಯುತ್ತದೆ.

ಮನೆಯಲ್ಲಿ ಮಾತ್ರ ‘ಅವರಪ್ಪನೂ ಎರಡು ವರ್ಷಕ್ಕೇ ನಡೆದಿದ್ದು’ ಅಂತ ಕಾಯುತ್ತಾರೆ. ಅಜ್ಜಿಯರನ್ನು ದೂರಲಾರೆ, ‘ಇನ್ನೂ ಸ್ವಲ್ಪ ನೋಡೋಣ’ ಅನ್ನುವ ಡಾಕ್ಟರುಗಳೂ ಇದ್ದಾರೆ. ಆದರೆ ಮೆದುಳು ಜಾಸ್ತಿ ಕಲಿಯುವ ತಿಂಗಳುಗಳೇ ಹಾಗೆ ಕಳೆದುಹೋಗುತ್ತವೆ, ನನಗೆ ಸಂಕಟವಾಗುವುದು ಅಲ್ಲಿ.

ಫಾರಿನ್‌ನಲ್ಲಿ ಎಲ್ಲಾ ಕಂಡುಹಿಡಿದಿದ್ದಾರಲ್ಲ, ಅದನ್ನೇ ತಂದರೆ ಸಾಲದಾ ಅಂತಲೂ ಕೇಳುತ್ತಾರೆ. ಹುಟ್ಟುವಾಗ ಆಮ್ಲಜನಕ ಸಾಲದೆ ಮೆದುಳಿಗೆ ಪೆಟ್ಟಾದ ಮಗುವಿನ ಮೈಯನ್ನು 72 ಗಂಟೆ ತಂಪಾಗಿಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಜೀವ ಉಳಿಸಿದೆ. ಅದನ್ನೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 7 ಆಸ್ಪತ್ರೆಗಳ 408 ಮಕ್ಕಳಲ್ಲಿ ಪರೀಕ್ಷಿಸಿದ ಹೆಲಿಕ್ಸ್ ಅಧ್ಯಯನ 2021ರಲ್ಲಿ ಹೊರಬಂತು. ತಂಪಾಗಿಟ್ಟ ಮಕ್ಕಳಲ್ಲೇ ಸಾವು ಜಾಸ್ತಿ ಇತ್ತು. ನಮ್ಮ ಮಕ್ಕಳನ್ನು ನಾವೇ ನೋಡಿ ತಿಳಿಯಬೇಕು, ಅಲ್ವಾ?

ಹೋದ ತಿಂಗಳು ಒಬ್ಬ ಅಮ್ಮನಿಗೆ ವಿಷಯ ಹೇಳಿದೆವು. ತುಂಬಾ ಹೊತ್ತು ಅತ್ತರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ನಾಳೆಯಿಂದ ನಾನೇನು ಮಾಡ್ಲಿ, ಹೇಳಿ’ ಅಂದರು. ಫಿಸಿಯೋ ಮೇಡಂ ಜೊತೆ ನೆಲದ ಮೇಲೆ ಕೂತು, ಗಿಲಕಿಯನ್ನು ಮಗುವಿನ ಕೈಗೆ ಕೊಡದೆ ಎಟುಕುವಷ್ಟು ದೂರದಲ್ಲಿ ಹಿಡಿದು, ಅದು ತಾನಾಗೇ ಕೈ ಚಾಚುವ ತನಕ ಕಾಯುವುದನ್ನು ಅವತ್ತೇ ಕಲಿತು ಹೋದರು.