ಚಂದನಾನ ಯಾರ್ ನೋಡ್ತಾರೆ ಸಾರ್?

"ಚಂದನಾನ? ಅದನ್ನ ಈಗ ಯಾರ್ ನೋಡ್ತಾರೆ ಸಾರ್?" ಅಂತ, ದೂರದರ್ಶನದ ಕನ್ನಡ ಚಾನೆಲ್ ಎಲ್ಲಿ ಹೋಯಿತೆಂದು ಕೇಳಿದ್ದಕ್ಕೆ ಕೇಬಲ್ ಹುಡುಗ ನಗುತ್ತಲೇ ಕೇಳಿದ. ಎದುರಿಗೇ ಕೂತಿದ್ದ ಅಪ್ಪ, "ಕೇಳ್ತಿರೋನು ನಾನೇ ಅಲ್ವೇನಪ್ಪಾ" ಅಂದರು. ಮಂಗಳವಾರದಿಂದ ಈ ಎರಡು ಮಾತು ನನ್ನ ತಲೆಯಿಂದ ಇಳಿದಿಲ್ಲ.

ಹಾಸನದ ಮನೆಯ ಬಾಕ್ಸಿನಲ್ಲಿ ರಾತ್ರೋರಾತ್ರಿ ನಂಬರುಗಳೆಲ್ಲ ಬದಲಾಗಿದ್ದವು. ಅಪ್ಪ ರಿಮೋಟಿನ ಬೆನ್ನಿಗೆ ಬಿಳಿ ಟೇಪು ಅಂಟಿಸಿ, ತಮಗೆ ಬೇಕಾದ ನಂಬರುಗಳನ್ನು ಬಾಲ್‌ಪೆನ್ನಿನಲ್ಲಿ ಬರೆದುಕೊಂಡಿದ್ದಾರೆ. ಚಂದನದ ನಂಬರು ಒತ್ತಿದರೆ ಮೊಣಕಾಲು ನೋವಿನ ಎಣ್ಣೆ ಮಾರುವವನು ಬಂದ. "ಎಲ್ಲೂ ಹೋಗಿಲ್ಲ ಸಾರ್, ಕೆಳಗಡೆ ಇದೆ" ಎಂದು ಹುಡುಗ ಗುಂಡಿ ಒತ್ತುತ್ತ ಹೋದ. ಒತ್ತಿದ, ಒತ್ತಿದ, ಕೊನೆಗೆ ಬೇರೆ ರಾಜ್ಯಗಳ ದೂರದರ್ಶನಗಳ ನಡುವೆ ಸಿಕ್ಕಿತು.

ಸಿಕ್ಕಿತಲ್ಲ, ಇನ್ನೇನು ಎಂದು ನನ್ನ ಭಾವ. ಅವರಿಗೆ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ, ಹಾಗಾಗಿ ಯಾರದೂ ಕಷ್ಟ ಅಲ್ಲ.

1995ರ ಕೇಬಲ್ ಕಾಯ್ದೆಯ 8ನೇ ಸೆಕ್ಷನ್ ದೂರದರ್ಶನವನ್ನು ತೋರಿಸಲೇಬೇಕು ಎನ್ನುತ್ತದೆ. ಬಾಕ್ಸಿಲ್ಲದೆ ತಂತಿ ನೇರ ಟಿವಿಗೇ ಬರುತ್ತಿದ್ದ ಅನಲಾಗ್ ಕಾಲದಲ್ಲಿ ಬರೀ ತೋರಿಸಿದರೆ ಸಾಲದು, ರಾಜ್ಯದ ಭಾಷೆಯ ಚಾನೆಲ್ ಸಹಿತ ಪ್ರೈಮ್ ಬ್ಯಾಂಡಿನಲ್ಲೇ ಇರಬೇಕು ಎಂದಿತ್ತು. ಯಾಕೆಂದರೆ ಹಳೇ ಟಿವಿಗಳಲ್ಲಿ ಚೆನ್ನಾಗಿ ಹಿಡಿಯುತ್ತಿದ್ದ ಜಾಗ ಕೆಲವೇ. ಉಳಿದ ಕಡೆ ಚಿತ್ರ ಮಲೆನಾಡಿನ ಆಷಾಢದ ಹಾಗೆ. ಆಮೇಲೆ ಕೇಬಲನ್ನು ಡಿಜಿಟಲ್ ಮಾಡುವ 2011ರ ತಿದ್ದುಪಡಿ ಬಂತು. ಮಹಾನಗರಗಳಲ್ಲಿ 2012ಕ್ಕೆ ಶುರುವಾದ ಡಿಜಿಟಲ್ ಬಾಕ್ಸು 2017ರ ಮಾರ್ಚ್ ಹೊತ್ತಿಗೆ ಹಳ್ಳಿಗಳಿಗೂ ಬರಬೇಕೆಂದು ಗಡುವಾಯಿತು. ಈಗ ಎಲ್ಲ ಚಾನೆಲ್ಲೂ ಒಂದೇ ಸಮ ಸ್ಪಷ್ಟ. ಜಾಗ ಇಲ್ಲ ಎನ್ನುವಂತೆಯೂ ಇಲ್ಲ: ಕೇಬಲ್ ದರ, ನಿಯಮ ನೋಡುವ ಕೇಂದ್ರದ ಪ್ರಾಧಿಕಾರ ಟ್ರಾಯ್ ತನ್ನ ದರದ ನಿಯಮಕ್ಕೆ 2020ರಲ್ಲಿ ತಂದ ತಿದ್ದುಪಡಿಯಲ್ಲಿ ತಿಂಗಳಿಗೆ 130 ರೂಪಾಯಿ ಮತ್ತು ತೆರಿಗೆಗೆ 200 ಚಾನೆಲ್ ಎಂದಾಗ, ಕಡ್ಡಾಯದ ದೂರದರ್ಶನವನ್ನು ಆ ಲೆಕ್ಕದಿಂದ ಹೊರಗೇ ಇಟ್ಟರು. ಒಮ್ಮೆ ಕೊಟ್ಟ ನಂಬರನ್ನು ಕನಿಷ್ಠ ಒಂದು ವರ್ಷ ಬದಲಿಸಬಾರದು ಎಂದು ಟ್ರಾಯ್‌ನ 2017ರ ನಿಯಮವೂ ಇದೆ. ಆದರೂ ನೂರಾರು ಚಾನೆಲ್ಲಿನ ಪಟ್ಟಿಯ ತಳದಲ್ಲಿ ಹಾಕಿದರೆ ತೋರಿಸಿದಂತೆಯೂ ಆಯಿತು, ಅಪ್ಪನಂಥವರಿಗೆ ಕಾಣದಂತೆಯೂ ಆಯಿತು. ಅಮೆರಿಕದಲ್ಲಿ 2009ರ ಜೂನ್ 12ಕ್ಕೆ ದೊಡ್ಡ ಸ್ಟೇಷನ್ನುಗಳ ಅನಲಾಗ್ ಪ್ರಸಾರ ನಿಂತಾಗ, ಕಡ್ಡಾಯದ ಚಾನೆಲ್ಲುಗಳು ಅನಲಾಗ್ ಗಿರಾಕಿಗೂ ಕಾಣಲೇಬೇಕು ಎಂದು ಕೇಬಲ್‌ನವರಿಗೆ ಮೂರು ವರ್ಷ ಕಟ್ಟು ಹಾಕಿದ್ದರು. ಆ ಎಚ್ಚರ ನಮ್ಮ ಬಾಕ್ಸಿಗೆ ಯಾಕಿಲ್ಲ?

ಯಾರ್ ನೋಡ್ತಾರೆ ಅಂತೆ! ಎಲ್ಲರೂ ನೋಡುವುದಾಗಿದ್ದರೆ ಕಾನೂನೇ ಬೇಕಿರಲಿಲ್ಲ. ಧಾರಾವಾಹಿಯನ್ನು ಕಡ್ಡಾಯ ಮಾಡಿ ಎಂದು ಯಾರಾದರೂ ಕೇಳಿದ್ದಾರಾ?

ಫ್ರೀ ಡಿಶ್ ಹಾಕಿಸಿ, ತಿಂಗಳ ದುಡ್ಡೇ ಇಲ್ಲ ಎಂದರು ಭಾವ. ಪೇ ಚಾನೆಲ್ ಬರಲ್ಲ ಎಂದು ಗೊತ್ತಾದದ್ದೇ ಅಮ್ಮ ಅಡುಗೆಮನೆಯಿಂದಲೇ ಆ ಪ್ರಸ್ತಾಪಕ್ಕೆ ಮಂಗಳ ಹಾಡಿದರು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮಳೆಯಲ್ಲಿ ಕಂಬ ಹತ್ತುವವನು ಅವನು, ನಂಬರು ಹಂಚುವವರು ಬೇರೆಲ್ಲೋ ಫ್ಯಾನಿನ ಕೆಳಗಿದ್ದಾರೆ. ಅವರಿಗೆ ದೂರು ಬರೆದಿಟ್ಟಿದ್ದೇನೆ. "ಆ ಹುಡುಗನ ಹೊಟ್ಟೆ ಮೇಲೆ ಹೊಡೀಬೇಡ ಮಾರಾಯ" ಎಂದು ಅಪ್ಪ ತಡೆದರು. ದೂರಿನಲ್ಲಿ ಅವನ ಸುದ್ದಿಯೇ ಇಲ್ಲ ಎಂದರೂ ನಂಬುತ್ತಿಲ್ಲ. ಸೋಮವಾರ ಕಳಿಸುತ್ತೇನೆ, ಅಪ್ಪನಿಗೆ ಹೇಳುವುದಿಲ್ಲ.