ಸೆಪ್ಟೆಂಬರ್ 8ರ ತೆನೆ

ತೆನೆ ಸುಲಿದಾಗ ಅಕ್ಕಿ ಸಿಗದೆ ಬೆರಳಿಗೆ ಬಿಳಿ ಹಾಲು ಅಂಟಿತೆಂದರೆ ತಪ್ಪಿದ್ದು ಬಿತ್ತನೆಯ ದಿನ. ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬ, ಕರಾವಳಿಯ ಕೊಂಕಣಿ ಕಥೊಲಿಕರು ಹೊಸ ತೆನೆ ತಂದು ಉಣ್ಣುವ ಮೊಂತಿ ಹಬ್ಬ, ಸೆಪ್ಟೆಂಬರ್ 8ಕ್ಕೇ ಬರುತ್ತದೆ. ಮಳೆ ತಡವಾಯಿತೆಂದು ಅದು ಕಾಯುವುದಿಲ್ಲ. ದಕ್ಷಿಣ ಕನ್ನಡ, ಉಡುಪಿಯ ಗದ್ದೆಗಳಲ್ಲಿ ಜೂನ್ ಮಳೆಗೆ ನೇಜಿ (ಸಸಿ) ಹಾಕಿದ ಏಣೆಲು, ಎಂದರೆ ಮಳೆಗಾಲದ ಬೆಳೆಯ ಭತ್ತ ಕೊಯ್ಲಿಗೆ ಬರುವುದು ಅಕ್ಟೋಬರಿನಲ್ಲಿ. ಹಬ್ಬದ ಹೊತ್ತಿಗೆ ಅದರ ತೆನೆ ಇನ್ನೂ ಹಾಲುಗಾಳು. ಹಾಗಾಗಿ ಮೊಂತಿ ಹಬ್ಬದ ತೆನೆಯನ್ನು ಬೇರೆಯಾಗಿಯೇ ಬೆಳೆಯಬೇಕಾಗುತ್ತದೆ. ಜ್ಯೋತಿಯಂಥ 110–115 ದಿನದ ತಳಿಯನ್ನು ಮೇ 15ರಿಂದ 20ರ ಒಳಗೆ ಬಿತ್ತಿ, ಮಳೆ ಹಿಡಿಯುವವರೆಗೆ ಬಾವಿ ನೀರು ಕೊಟ್ಟು ಕಾಯಬೇಕು. ಹೂ ಬಿಟ್ಟ ಮೇಲೆ ಕಾಳು ಬಲಿಯಲು ಸುಮಾರು 30 ದಿನ. ಆಗಸ್ಟ್ ಮೊದಲ ವಾರ ದಾಟುವಷ್ಟರಲ್ಲಿ ತೆನೆ ಹೊರಬಂದಿದ್ದರೆ ನೆಮ್ಮದಿ. ಹೂವಿನ ದಿನಗಳಲ್ಲಿ ಜಡಿಮಳೆ ಹಿಡಿದರೆ ಪರಾಗ ತೊಳೆದುಹೋಗಿ ಜೊಳ್ಳು ಹೆಚ್ಚುತ್ತದೆ. ಊರಿಗೆಲ್ಲ ಮೊದಲು ಬಲಿಯುವ ತುಂಡು ಗದ್ದೆಯೆಂದರೆ ಗಿಳಿ, ರಾಟವಾಳಗಳೆಲ್ಲ ಅಲ್ಲಿಗೇ ಇಳಿಯುತ್ತವೆ. ಬಲೆ ಕಟ್ಟದೆ ಉಪಾಯವಿಲ್ಲ.

ಇಷ್ಟು ಪಾಡು ಯಾಕೆ? ತೆನೆಯಿಲ್ಲದೆಯೂ ಚರ್ಚಿನ ಮುಖ್ಯ ಆರಾಧನೆಯಾದ ಆ ದಿನದ ಬಲಿಪೂಜೆ ಪೂರ್ಣವೇ. ರೋಮಿನ ಪೂಜಾಗ್ರಂಥದಲ್ಲಿ ಈ ಹಬ್ಬಕ್ಕೆ ಭತ್ತದ ಸುದ್ದಿಯಿಲ್ಲ. ಆದರೂ ಕೊಂಕಣಿ ಕಥೊಲಿಕರಿಗೆ ಆ ದಿನ ತಾಯಿಯ ಹುಟ್ಟುಹಬ್ಬವೂ ಹೌದು, ಹೊಸತಿನ, ಎಂದರೆ ಹೊಸ ಅಕ್ಕಿಯ, ಊಟವೂ ಹೌದು. ಎರಡನ್ನೂ ಬಿಡಿಸಿ ನೋಡಲು ಈಗ ಯಾರಿಂದಲೂ ಆಗದು. ನಾಡಿನ ಆಚಾರವನ್ನು ಧರ್ಮಸಭೆ (ಕಥೊಲಿಕ ಚರ್ಚ್) ಎಷ್ಟರಮಟ್ಟಿಗೆ ತನ್ನದಾಗಿಸಿಕೊಳ್ಳಬಹುದು ಎಂಬ 400 ವರ್ಷಗಳ ವಾದಕ್ಕೆ ಈ ಒಂದು ತೆನೆಗಿಂತ ಒಳ್ಳೆಯ ಉತ್ತರ ನಮ್ಮ ಕರಾವಳಿಯಲ್ಲಿ ಇನ್ನೊಂದಿಲ್ಲ.

ಮಂಗಳೂರು ಸೀಮೆಯಲ್ಲಿ ಈ ಹಬ್ಬ ಬೇರೂರಿದ್ದು 1763ರಲ್ಲಿ, ನೇತ್ರಾವತಿ ದಡದ ಫರಂಗಿಪೇಟೆಯ ಮೊಂತೆ ಮಾರಿಯಾನೊದಲ್ಲಿ, ಗೋವಾದ ಗುರು ಜೋಕಿಂ ಮಿರಾಂದರಿಂದ ಎನ್ನುವುದು ಪರಂಪರೆಯ ಮಾತು. ಮೊಂತೆ ಎಂದರೆ ಗುಡ್ಡ, ಅದರಿಂದಲೇ ಮೊಂತಿ. ಹೊಸ ತೆನೆಯ ಆಚಾರ ಅದಕ್ಕೂ ಹಳೆಯದು. ತುಳುವರು ಕುರಲ್ (ತೆನೆ) ತಂದು ಮನೆಯ ಕಂಬಕ್ಕೆ ಕಟ್ಟುತ್ತಾರೆ, ಪುದ್ವಾರ್ (ಹೊಸ ಅಕ್ಕಿಯ ಊಟ) ಉಣ್ಣುತ್ತಾರೆ. ಕೊಡಗಿನಲ್ಲಿ ಹುತ್ತರಿ. ಗೋವಾದ ರಾಯ್ ಊರಿನ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಗಸ್ಟ್ 5ಕ್ಕೆ, ತಾಳೆಗಾಂವಿನಲ್ಲಿ ಆಗಸ್ಟ್ 21ಕ್ಕೆ ತೆನೆಯ ಆಶೀರ್ವಾದ ನಡೆಯುತ್ತದೆ. ಗೋವಾದಿಂದ ದಕ್ಷಿಣಕ್ಕೆ ಬಂದವರು ಗದ್ದೆ ಮಾಡಿದರು, ಗದ್ದೆಯ ಜೊತೆ ಅದರ ಕೃತಜ್ಞತೆಯನ್ನೂ ಉಳಿಸಿಕೊಂಡರು.

ಉಳಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಗೋವಾದ ಇಂಕ್ವಿಸಿಷನ್ (ವಿಶ್ವಾಸ ತಪ್ಪಿದವರನ್ನು ವಿಚಾರಿಸುತ್ತಿದ್ದ ಚರ್ಚಿನ ನ್ಯಾಯಮಂಡಳಿ) 1736ರಲ್ಲಿ ಹೊರಡಿಸಿದ ಆಜ್ಞೆಯನ್ನು ಓದಿದರೆ ಎದೆ ಬಿಗಿಯುತ್ತದೆ. ಅಂಗಳದಲ್ಲಿ ತುಳಸಿ ನೆಡಕೂಡದು, ಧೋತ್ರ ಉಡಕೂಡದು, ಉಪ್ಪು ಹಾಕದೆ ಅನ್ನ ಬೇಯಿಸಕೂಡದು. ಅನ್ನಕ್ಕೆ ಉಪ್ಪು ಹಾಕುವ ಕೈಯಲ್ಲಿ ವಿಶ್ವಾಸವನ್ನು ಅಳೆದ ಕಾಲವದು. ಅದೇ ಧರ್ಮಸಭೆ ನೂರು ವರ್ಷ ಮೊದಲು ಬೇರೆ ಮಾತಾಡಿತ್ತು. ಮಧುರೆಗೆ 1606ರಲ್ಲಿ ಬಂದ ಇಟಲಿಯ ಜೆಸ್ವಿತ್ ಗುರು ರೊಬೆರ್ತೊ ದೆ ನೊಬಿಲಿ ಕಾವಿ ಉಟ್ಟು, ಮಾಂಸ ಬಿಟ್ಟು, ಜುಟ್ಟು ಜನಿವಾರಗಳು ಕುಲದ ಗುರುತೇ ಹೊರತು ಪೂಜೆಯಲ್ಲ ಎಂದು ವಾದಿಸಿದಾಗ ಪೋಪ್ 15ನೇ ಗ್ರೆಗರಿ 1623ರ ಜನವರಿ 31ರಂದು ಆತನ ಪರವಾಗಿ ಬರೆದರು. ಮೈಸೂರು ಮಿಷನ್ನನ್ನು ಆರಂಭಿಸಿದ ಲಿಯೊನಾರ್ಡೊ ಚಿನ್ನಾಮಿ ಹಿಡಿದದ್ದೂ ಇದೇ ದಾರಿ. ಆಮೇಲೆ ಗಾಳಿ ತಿರುಗಿತು. 1704ರಲ್ಲಿ ಪಾಂಡಿಚೇರಿಯಲ್ಲಿ ತುರ್ನೊ ಎಂಬ ರೋಮಿನ ಪ್ರತಿನಿಧಿ ಇಂಥ ಆಚಾರಗಳ ಮೇಲೆ 16 ಅಂಶಗಳ ನಿಷೇಧ ಹೊರಡಿಸಿದರು, 1744ರಲ್ಲಿ 14ನೇ ಬೆನೆಡಿಕ್ಟ್ ಬಾಗಿಲನ್ನು ಮುಚ್ಚಿದರು. ಅದು ಪೂರ್ತಿ ತೆರೆದದ್ದು ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ. 1963ರ ಡಿಸೆಂಬರ್ 4ರ ದೈವಾರಾಧನೆಯ ಶಾಸನದ 37ನೇ ಕಲಮು, ಮೂಢನಂಬಿಕೆಗೂ ತಪ್ಪಿಗೂ ಬಿಡಿಸಲಾಗದಂತೆ ಅಂಟಿಕೊಂಡಿರದ ಯಾವ ಆಚಾರವನ್ನೂ ಧರ್ಮಸಭೆ ಆದರದಿಂದ ನೋಡುತ್ತದೆ ಎಂದಿತು.

ಅದರ ಬಲದಲ್ಲಿ ಭಾರತಕ್ಕೆ ದೊರೆತದ್ದು 1969ರ ಏಪ್ರಿಲ್ 25ರ ‘ಹನ್ನೆರಡು ಅಂಶ’, ಬಲಿಪೂಜೆಯಲ್ಲಿ ಭಾರತೀಯ ಆಚಾರಗಳನ್ನು ಬಳಸಲು ರೋಮ್ ಕೊಟ್ಟ ಒಪ್ಪಿಗೆ. ಬೆಂಗಳೂರಿನ ಎನ್‌ಬಿಸಿಎಲ್‌ಸಿ (ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನೆಯ ರಾಷ್ಟ್ರೀಯ) ಕೇಂದ್ರ ಮತ್ತು ಅದರ ನಿರ್ದೇಶಕ ಫಾದರ್ ಡಿ. ಎಸ್. ಅಮಲೋರ್ಪವದಾಸ್ ಇದರ ಹಿಂದಿನ ಶಕ್ತಿ. ಪಾದರಕ್ಷೆ ಹೊರಗೆ ಬಿಟ್ಟು ನೆಲದ ಮೇಲೆ ಕೂರುವುದು, ಮಂಡಿಯೂರುವ ಬದಲು ಕೈಮುಗಿದು ಬಾಗುವುದು, ಪಂಚಾಂಗ ಪ್ರಣಾಮ, ಪೀಠಕ್ಕೆ ಮುತ್ತಿಡುವ ಬದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಮೇಣದಬತ್ತಿಯ ಜಾಗದಲ್ಲಿ ಎಣ್ಣೆದೀಪ, ಪೀಠವಸ್ತ್ರದ ಜಾಗದಲ್ಲಿ ತಟ್ಟೆ, ಹಿಡಿಯಿರುವ ಧೂಪಾರತಿ, ಮೇಲಂಗಿ ಮತ್ತು ಅಂಗವಸ್ತ್ರ, ಆರತಿ. ಇವುಗಳಲ್ಲಿ ಶಾಂತಿಯ ಹೊತ್ತಿಗೆ ಅಕ್ಕಪಕ್ಕದವರಿಗೆ ಕೈಮುಗಿಯುವುದು ಸದ್ದಿಲ್ಲದೆ ದೇಶವೆಲ್ಲ ಹಬ್ಬಿತು. ದೇಹಕ್ಕೆ ಅದು ಮೊದಲೇ ಗೊತ್ತಿತ್ತು, ಯಾರೂ ಕಲಿಸಬೇಕಾಗಲಿಲ್ಲ.

ಉಳಿದವು ಎಡವುವುದು ಕೈಗೆ ಅಭ್ಯಾಸವಿಲ್ಲದ ಕಡೆ. ಆರತಿಯನ್ನೇ ನೋಡಿ. ರೊಟ್ಟಿಯನ್ನು ಪ್ರಭುವಿನ ಶರೀರವೆಂದು ಅರ್ಪಿಸುವ ಪರಮಪ್ರಸಾದ ಪ್ರಾರ್ಥನೆಯ ಕೊನೆಯಲ್ಲಿ ಗುರುಗಳು ರೊಟ್ಟಿ, ಪಾತ್ರೆಗಳನ್ನು ಎತ್ತಿ ಹಿಡಿದಾಗ ಹೂ, ಧೂಪ, ದೀಪಗಳಿಂದ ಬೆಳಗಬೇಕು. ಆಗ ತಟ್ಟೆ ಸುತ್ತಬೇಕಾದ್ದು ಪೀಠದ ಮೇಲಿನ ಪ್ರಭುವಿನ ಮುಂದೆ, ಗುರುಗಳ ಮುಖದ ಮುಂದೆ ಅಲ್ಲ. ಹಾಡು ಐದು ನಿಮಿಷ ಎಳೆದರೆ, ಹೆಣ್ಣುಮಕ್ಕಳ ಹೆಜ್ಜೆ ಸಭೆಯ ಕಡೆ ತಿರುಗಿದರೆ, ಫೋಟೊದವರು ಪೀಠ ಹತ್ತಿದರೆ, ಜನ ‘ಆಮೆನ್’ ಹೇಳುವುದನ್ನೇ ಮರೆಯುತ್ತಾರೆ. ಮೂರು ಸುತ್ತು, ಒಂದು ನಿಮಿಷ, ಸಾಕು. ದೀಪಕಂಬ ಇಡುವುದಾದರೆ ಬತ್ತಿ ದಪ್ಪವಿರಲಿ, ತಲೆಯ ಮೇಲಿನ ಫ್ಯಾನ್ ನಿಲ್ಲಿಸಿ. ಕೀರ್ತನೆಯ ನಡುವೆ ದೀಪ ಆರಿದರೆ ಸಭೆಯ ಕಣ್ಣೆಲ್ಲ ಅಲ್ಲಿಗೇ. ತಟ್ಟೆ ಬಳಸುವುದಾದರೆ ಅಂಚು ನಯವಾಗಿರಬೇಕು. ಕೆತ್ತನೆಯ ಸಂದುಗಳಲ್ಲಿ ಪರಮಪ್ರಸಾದದ ಕಣ ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ, ಮತ್ತು ಅದು ಸಣ್ಣ ವಿಷಯವಲ್ಲ.

ಇದಕ್ಕಿಂತ ಆಳದ ಆಕ್ಷೇಪ ಎರಡು ಕಡೆಯಿಂದ ಬಂತು. ಒಂದು, ‘ಇದೆಲ್ಲ ದೇವಸ್ಥಾನದ ನಕಲು’ ಎಂದು ಮುಗ್ಧವಾಗಿ ನೊಂದುಕೊಂಡ ಭಕ್ತರದು. ಅವರ ನೋವನ್ನು ಹಳೆತನ ಎಂದು ತಳ್ಳಿಹಾಕಿದ್ದು ತಪ್ಪಾಯಿತು. ಅಜ್ಜಿಯ ಕಾಲದಿಂದ ಮಂಡಿಯೂರಿದವರಿಗೆ ಮಂಡಿಯೂರುವುದೇ ನಾಡಿನ ಆಚಾರವಾಗಿರುತ್ತದೆ. ಇನ್ನೊಂದು, ದಲಿತ ಕ್ರೈಸ್ತರದು: ನೀವು ತಂದ ಭಾರತ ಯಾವುದು? ಸಂಸ್ಕೃತದ ಶ್ಲೋಕ, ಗರ್ಭಗುಡಿಯ ಆರತಿ ನಮ್ಮನ್ನು ಹೊರಗೆ ನಿಲ್ಲಿಸಿದ ಭಾರತದವು, ನಮ್ಮ ತಮಟೆಗೆ ಆ ಹನ್ನೆರಡರಲ್ಲಿ ಜಾಗವೆಲ್ಲಿ? ಈ ಪ್ರಶ್ನೆಗೆ ತಲೆ ಬಾಗಿಸಲೇಬೇಕು. ದೆ ನೊಬಿಲಿಯ ಪ್ರಯೋಗವೂ ಕೊನೆಗೆ ಮೇಲ್ಜಾತಿಗೆ ಒಬ್ಬ ಸ್ವಾಮಿ, ಕೆಳಜಾತಿಗೆ ಬೇರೊಬ್ಬ ಪಂಡಾರಸ್ವಾಮಿ ಎಂಬಲ್ಲಿಗೆ ಬಂದು ನಿಂತಿತ್ತು. ಕರಾವಳಿಯ ಕಥೊಲಿಕರ ಮದುವೆ ಮಾತಿನಲ್ಲಿ ಬಾಮಣ, ಚಾರ್ಡಿ, ಶೂದಿರ್ ಎಂಬ ಜಾತಿಯ ಎಣಿಕೆ ಎಷ್ಟು ಕಾಲ ಉಳಿಯಿತೆಂಬುದು ಹಿರಿಯರಿಗೆಲ್ಲ ಗೊತ್ತು.

ಹಾಗಾದರೆ ತೆನೆಯ ವಿಷಯ ಬೇರೆ ಹೇಗೆ? ಅದು ದಾಖಲೆಯಿಂದ ಗದ್ದೆಗೆ ಇಳಿದದ್ದಲ್ಲ, ಗದ್ದೆಯಿಂದ ಪೀಠಕ್ಕೆ ಏರಿದ್ದು. ಒಕ್ಕಲಿಗೂ ಧಣಿಗೂ ತಲೆಗೊಂದೇ ತೆನೆ. ಮೆಕ್ಸಿಕೊದ ಚಿಯಾಪಾಸಿನ ಮಾಯಾ ಜನರ ಪೂಜೆಗೆ 2024ರ ನವೆಂಬರಿನಲ್ಲಿ ರೋಮ್ ಒಪ್ಪಿಗೆ ಕೊಟ್ಟಾಗಲೂ ಇದೇ ಗುಣ ಕಂಡಿತು. ಪರಮಪ್ರಸಾದದ ನಂತರ ಇಡೀ ಸಭೆ ನಿಧಾನವಾಗಿ ಹಾಕುವ ಹೆಜ್ಜೆ, ಹೆಂಗಸರು ಹಿಡಿಯುವ ಧೂಪ, ಊರ ಹಿರಿಯರು ನಡೆಸಿಕೊಡುವ ಪ್ರಾರ್ಥನೆ, ಎಲ್ಲವೂ ತ್ಸೆಲ್ತಾಲ್, ತ್ಸೊತ್ಸಿಲ್ ಜನರ ನಡುವೆ ಮೊದಲೇ ಬಾಳಿ ಬಂದಿದ್ದವು. ರೋಮ್ ಅವಕ್ಕೆ ಮುದ್ರೆ ಒತ್ತಿತು, ಅಷ್ಟೆ.

ಹೊಸತು ಆಚರಿಸುವುದು ಅನ್ಯಧರ್ಮ ಎಂದು ಈಗಲೂ ಕೆಲವು ಪ್ರಾರ್ಥನಾ ಕೂಟಗಳಲ್ಲಿ ಬೋಧಿಸುವುದುಂಟು. ಅವರು ಯಾಜಕಕಾಂಡದ 23ನೇ ಅಧ್ಯಾಯ ತೆರೆಯಲಿ: ಪೈರಿನ ಮೊದಲ ಸಿವುಡನ್ನು ಯಾಜಕನ ಬಳಿ ತರಬೇಕು, ಅದನ್ನು ದೇವರ ಮುಂದೆ ಎತ್ತುವವರೆಗೆ ಹೊಸ ಕಾಳನ್ನು ಬಾಯಿಗಿಡಬಾರದು ಎಂದಿದೆ. ನಮ್ಮ ಅಜ್ಜಿಯರು ಆ ಪುಟ ಓದಿರಲಿಲ್ಲ. ಹಬ್ಬಕ್ಕೆ ಮೊದಲು ಹೊಸ ಅಕ್ಕಿ ಮುಟ್ಟುತ್ತಿರಲಿಲ್ಲ ಮಾತ್ರ.

ಹಬ್ಬದ ಕ್ರಮಕ್ಕೆ ಬರೋಣ. ನವೇನ, ಎಂದರೆ ಹಬ್ಬಕ್ಕೆ ಮೊದಲಿನ ಒಂಬತ್ತು ದಿನಗಳ ಪ್ರಾರ್ಥನೆ, ಆಗಸ್ಟ್ 30ರಿಂದ ಸೆಪ್ಟೆಂಬರ್ 7ರವರೆಗೆ. ಮಕ್ಕಳು ದಿನಾ ಹೂ ತಂದು ಬಾಲೆ ಮರಿಯಮ್ಮನ ಮೂರ್ತಿಗೆ ಹಾಡಿನ ಜೊತೆ ಎರಚುತ್ತಾರೆ. ಅಂಗಳದ ದಾಸವಾಳ, ಕರ್ಣಕುಂಡಲ, ಚೆಂಡು ಹೂವೇ ಚೆಂದ. ದಾಸವಾಳದ ತೊಟ್ಟನ್ನು, ಗುಲಾಬಿಯ ಮುಳ್ಳನ್ನು ಮನೆಯಲ್ಲೇ ತೆಗೆದು ಎಸಳು ಮಾತ್ರ ಕೊಡಿ. ಒದ್ದೆ ಎಸಳು ಸಿಮೆಂಟಿನ ನೆಲದಲ್ಲಿ ಜಾರುತ್ತದೆ, ಹಾಡು ಮುಗಿದ ಕೂಡಲೇ ಗುಡಿಸಬೇಕು. ಅಂಗಡಿಯ ಬಣ್ಣದ ಕಾಗದ ಬೇಡವೇ ಬೇಡ.

500 ಮನೆಯ ಇಗರ್ಜಿಗೆ, ಮನೆಗೆ ಐವರೆಂದರೂ, ಬೇಕಾದ ತೆನೆ 2,500. ಒಳ್ಳೆಯ ನಾಟಿಯ ಒಂದು ಚದರ ಮೀಟರಿನಲ್ಲಿ 250ರ ಸುಮಾರಿಗೆ ತೆನೆ ಇರುತ್ತದೆ. ಹತ್ತು ಚದರ ಮೀಟರ್ ಸಾಕು. ಒಂದು ಸೆಂಟ್ಸ್ ಜಾಗವೆಂದರೆ ಅದರ ನಾಲ್ಕು ಪಾಲು. ಇಷ್ಟು ಲೆಕ್ಕ ಹಾಕಿದ್ದಕ್ಕೆ ಕಾರಣವಿದೆ. ಗದ್ದೆಗಳು ಅಡಿಕೆ ತೋಟವಾಗಿ, ಸೈಟುಗಳಾಗಿ ಹೋದ ಮೇಲೆ ತೆನೆಯನ್ನು ದೂರದಿಂದ ಕಟ್ಟುಕಟ್ಟಾಗಿ ತರಿಸುವ ಇಗರ್ಜಿಗಳಿವೆ. ಯಾರೋ ಬೆಳೆದದ್ದನ್ನು ಕೊಂಡು ತಂದು ‘ನಮ್ಮ ಬೆಳೆಯ ಪ್ರಥಮಫಲ’ ಎಂದು ಅರ್ಪಿಸುವಾಗ ನಾಲಿಗೆ ತಡವರಿಸಬೇಕು. ತೆನೆ ಪರದೇಶಿಯಾಗುವುದು ಆಗ, ರೋಮ್ ಒಪ್ಪದಿದ್ದಾಗ ಅಲ್ಲ. ಇಗರ್ಜಿಯ ಹಿಂದೆ ಒಂದು ಸೆಂಟ್ಸ್ ಗದ್ದೆ ಮಾಡಿ, ವಾಡೆಯ (ಇಗರ್ಜಿಗೆ ಸೇರಿದ ಒಂದೊಂದು ಕೇರಿಯ) ಮಕ್ಕಳಿಂದ ನೇಜಿ ನೆಡಿಸಿ. ಮಣ್ಣೇ ಇಲ್ಲದ ಊರಲ್ಲಿ ಅಗಲದ ಟಬ್‌ಗಳಲ್ಲೂ ಭತ್ತ ಬರುತ್ತದೆ. ಬುಡದಲ್ಲಿ ಎರಡು ಇಂಚು ನೀರು ನಿಲ್ಲಬೇಕು, ದಿನವಿಡೀ ಬಿಸಿಲು ಬೀಳಬೇಕು.

ತೆನೆಯನ್ನು 7ರ ಸಂಜೆ, ಮಳೆ ಬಿಟ್ಟ ಹೊತ್ತು ನೋಡಿ, ಒಂದು ಗೇಣು ಕಾಂಡ ಬಿಟ್ಟು ಕೊಯ್ಯಿರಿ. ಒದ್ದೆ ತೆನೆಯನ್ನು ಗೋಣಿಯಲ್ಲಿ ತುಂಬಿಟ್ಟರೆ ಬೆಳಗಾಗುವಷ್ಟರಲ್ಲಿ ಒಳಗೆ ಬಿಸಿಯೇರಿ ಕಪ್ಪಾಗುತ್ತದೆ. ಸಡಿಲವಾಗಿ ಚಾಪೆಯ ಮೇಲೆ ಹರಡಿ. ಬೆಳಿಗ್ಗೆ ಅಂಗಳದ ಖುರಿಸಿನ (ಶಿಲುಬೆಯ) ಬಳಿ ಗುರುಗಳು ಪ್ರಾರ್ಥಿಸಿ ತೀರ್ಥ ತಳಿಯುತ್ತಾರೆ, ಬಾಲೆ ಮರಿಯಮ್ಮನ ಮೂರ್ತಿಯ ಜೊತೆ ಮೆರವಣಿಗೆಯಲ್ಲಿ ತೆನೆ ಒಳಗೆ ಬರುತ್ತದೆ, ಹಾಡುಪೂಜೆಯಾದ ಮೇಲೆ ವಾಡೆಯ ಮುಖಂಡರಾದ ಗುರ್ಕಾರರು ಮನೆಯ ತಲೆಯೆಣಿಕೆ ಕೇಳಿ ಹಂಚುತ್ತಾರೆ. ಮಕ್ಕಳಿಗೆ ಕಬ್ಬು. ಇಲ್ಲಿ ನೂಕುನುಗ್ಗಲಾಗುವುದು ಸಾಲು ಒಂದೇ ಇದ್ದಾಗ. ವಾಡೆಗೊಂದು ಮೇಜು ಹಾಕಿದರೆ ತೀರಿತು.

ಮನೆಯಲ್ಲಿ ತೆನೆ ಮೊದಲು ದೇವರ ಪೀಠದ ಮೇಲೆ. ಮಧ್ಯಾಹ್ನ ಮನೆಯ ಹಿರಿಯರು ತಲೆಗೊಂದು ತೆನೆಯಿಂದ ಕೆಲವು ಕಾಳು ಬಿಡಿಸಿ, ಸಿಪ್ಪೆ ತೆಗೆದು, ಅರೆದು ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಉಮಿಯ ಚೂರು ಒಂದೂ ಉಳಿಯಬಾರದು, ಮಕ್ಕಳ ಗಂಟಲಿಗೆ ಸಿಕ್ಕುತ್ತದೆ. ಕುದಿಯುವಾಗ ಹಾಕಬೇಡಿ, ಇಳಿಸಿದ ಮೇಲೆ ಬೆರೆಸಿ. ಹೊಸ ಅಕ್ಕಿಯ ಹಸಿ ಪರಿಮಳ ಬಾಯಿಗೆ ಬರಬೇಕು. ಪ್ರಾರ್ಥನೆಯಾಗಿ, ಎಲ್ಲರಿಗೂ ಹಂಚಿದ ಮೇಲೆಯೇ ಬಾಳೆಲೆಯ ಊಟ. ಮೀನು ಮಾಂಸವಿಲ್ಲ. ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು: ಐದು, ಏಳು, ಒಂಬತ್ತು. ಬೆಂಡೆ, ಹೀರೆ, ಅಲಸಂಡೆ, ಹಾಗಲ, ಸೌತೆ, ಕಡಲೆ, ಮತ್ತು ತಪ್ಪದೆ ಕೆಸುವಿನ ದಂಟು ಸೊಪ್ಪು. ಕೆಸು ಗಂಟಲು ಕೆರೆಯುವುದು ಅದರೊಳಗಿನ ಸೂಜಿಯಂಥ ಹರಳುಗಳಿಂದ. ದಂಟಿನ ನಾರು ಸುಲಿದು, ಚೆನ್ನಾಗಿ ಬೇಯಿಸಿ, ನಾಲ್ಕೈದು ಅಮಟೆಕಾಯಿ ಜಜ್ಜಿ ಹಾಕಿ. ಅಮಟೆ ಸಿಗದಿದ್ದರೆ ನಿಂಬೆಗಾತ್ರದ ಹುಣಸೆ. ಬೇಗ ಇಳಿಸಿದ ಕೆಸುವನ್ನು ಯಾವ ಹುಳಿಯೂ ಉಳಿಸದು.

ಊರಲ್ಲಿಲ್ಲದವರ ತೆನೆಯನ್ನೂ ಎಣಿಸಿ ತರುವುದು ವಾಡಿಕೆ. ಮುಂಬಯಿಗೋ ಗಲ್ಫಿಗೋ ಹೋದ ಮಗನಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದ ಮನೆಗಳು ನೂರಾರು. ಈಗ ಕಳಿಸುವವರು ಎರಡು ದಿನ ನೆರಳಲ್ಲಿ ಒಣಗಿಸಿ ಕಳಿಸಿ, ಹಸಿಕಾಳು ದಾರಿಯಲ್ಲಿ ಬೂಸ್ಟು ಹಿಡಿಯುತ್ತದೆ. ಆಸ್ಟ್ರೇಲಿಯಾದಂಥ ದೇಶಗಳು ಮೊಳಕೆಯೊಡೆಯುವ ಭತ್ತವನ್ನು ಗಡಿಯಲ್ಲೇ ತಡೆಯುತ್ತವೆ. ಅಲ್ಲಿರುವವರ ಪಾಲನ್ನು ಪೀಠದ ಬದಿಗೆ ಕಟ್ಟಿಡಿ. ರಜೆಯಲ್ಲಿ ಬಂದ ದಿನ ಅದನ್ನು ಬಿಚ್ಚಿ, ಸುಲಿದು, ಹಾಲಿಗೆ ಹಾಕಿ ಕೊಡಿ.